ಒಂಬತ್ತು ತಿಂಗಳ ಸಂಬಳ: ಕೊಲ್ಕತ್ತದ ಮಹಿಳಾ ಫುಟ್‌ಬಾಲ್‌ನಲ್ಲಿ ಗಾಯದ ಲೆಕ್ಕ

2023ರ ಜನವರಿಯಲ್ಲಿ ಒಂದು ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕೊಲ್ಕತ್ತದಲ್ಲಿ ಮನೆಮನೆಗೆ ಊಟ ತಲುಪಿಸುತ್ತಿದ್ದ ಆ ಯುವತಿ 16 ವರ್ಷದೊಳಗಿನವರ ಭಾರತ ತಂಡದಲ್ಲಿ ಆಡಿದ್ದವರು. 2016ರಲ್ಲಿ ಗ್ಲಾಸ್ಗೊದಲ್ಲಿ ನಡೆದ ಸೂರಿಲ್ಲದವರ ವಿಶ್ವಕಪ್‌ಗೂ ಹೋಗಿ ಬಂದಿದ್ದವರು. ಆಗ ಅವರ ದಿನದ ದುಡಿಮೆ 300–400 ರೂಪಾಯಿ. ಇದಕ್ಕೂ ಕೆಲವು ವರ್ಷ ಮೊದಲು ಉತ್ತರ ಬಂಗಾಳದ ಜಲ್‌ಪಾಯಿಗುರಿಯ ಇನ್ನೊಬ್ಬರು ಸುದ್ದಿಯಾಗಿದ್ದರು. 2008ರಲ್ಲಿ ಭಾರತದ ಪರ ಆಡಿದ್ದ ಅವರು 2013ರಲ್ಲಿ ಬಲಗಾಲಿಗೆ ಪೆಟ್ಟು ಮಾಡಿಕೊಂಡರು. ಚೇತರಿಕೆಗೆ ವರ್ಷ ಹಿಡಿಯಿತು. ಆಮೇಲೆ ಚಹಾದಂಗಡಿ. ಕಾಲೇನೋ ವಾಸಿಯಾಯಿತು, ಆಡುವ ಬದುಕು ಮಾತ್ರ ಕೈಗೆ ಹತ್ತಲಿಲ್ಲ.

ಗಾಯದಿಂದ ಮರಳಿದವರ ಕಥೆಗಳನ್ನು ನಾವು ಛಲದ ಕಥೆಗಳಾಗಿ ಓದುತ್ತೇವೆ. ಇಂಥ ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಛಲಕ್ಕಿಂತ ಮೊದಲು ಕಾಣುವುದು ಸಂಬಳದ ಚೀಟಿ.

ದೇಹದ ಮಾತು ಮೊದಲು. ಮೊಣಕಾಲಿನೊಳಗೆ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಇದೆ. ಓಡುತ್ತಿದ್ದವರು ಗಕ್ಕನೆ ನಿಂತು ತಿರುಗಿದಾಗ, ಎದುರಾಳಿ ಮುಟ್ಟದಿದ್ದರೂ, ಅದು ಹರಿಯಬಹುದು. ಒಳಗೆ ‘ಟಪ್’ ಅಂದದ್ದು ಕೇಳಿಸಿತು ಎನ್ನುತ್ತಾರೆ ಅನೇಕರು. ಗಂಡಸರಿಗಿಂತ ಹೆಂಗಸರಲ್ಲಿ ಈ ಗಾಯ ಹೆಚ್ಚು. ಶಸ್ತ್ರಚಿಕಿತ್ಸೆಯಾದರೆ ಮೈದಾನಕ್ಕೆ ಮರಳಲು ಸಾಮಾನ್ಯವಾಗಿ ಕನಿಷ್ಠ ಒಂಬತ್ತು ತಿಂಗಳು. ಬಾರ್ಸಿಲೋನಾ ಕ್ಲಬ್ಬಿನ ಆಟಗಾರ್ತಿ ಅಲೆಕ್ಸಿಯಾ ಪುಟೆಯಾಸ್‌ಗೂ 2022ರ ಜುಲೈನಿಂದ ಮುಂದಿನ ಏಪ್ರಿಲ್‌ವರೆಗೆ ಕಾಯುವುದು ತಪ್ಪಲಿಲ್ಲ. ತಡೆಯುವ ದಾರಿ ದುಬಾರಿಯೇನಲ್ಲ. ನಾರ್ವೆಯಲ್ಲಿ 1,892 ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ, ಆಟಕ್ಕೆ ಮುನ್ನ 20 ನಿಮಿಷದ ಶಿಸ್ತಿನ ವಾರ್ಮಪ್ ಮಾಡಿದರೆ ಗಾಯಗಳು ಸುಮಾರು ಮೂರನೇ ಒಂದು ಭಾಗ ತಗ್ಗುತ್ತವೆ ಎಂದು ತೋರಿಸಿತು. ಅದಕ್ಕೆ ಬೇಕಾದದ್ದು ಚೆಂಡು, ಒಂದಿಷ್ಟು ಜಾಗ, ಕಲಿಸಬಲ್ಲ ಕೋಚ್.

ಆದರೆ ಒಂಬತ್ತು ತಿಂಗಳು ಮನೆಯಲ್ಲಿ ಅಕ್ಕಿಗೆ ಏನು ಮಾಡುವುದು?

ಬಂಗಾಳದ ಶಾಂತಿ ಮಲ್ಲಿಕ್ 1983ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ. ಆ ಕಾಲದ ಭಾರತ ಏಷ್ಯಾದಲ್ಲಿ ಎರಡು ಬಾರಿ ರನ್ನರ್ ಅಪ್. ಆದರೂ ದೇಶಮಟ್ಟದ ಮಹಿಳಾ ಲೀಗ್ ಶುರುವಾದದ್ದು 2016–17ರಲ್ಲಿ. ನಡುವಿನ ಮೂರು ದಶಕಗಳಲ್ಲಿ ಕ್ಲಬ್ ಒಪ್ಪಂದವೆಂಬುದೇ ಅಪರೂಪ. ಒಪ್ಪಂದವಿಲ್ಲದವರಿಗೆ ಗಾಯದ ರಜೆ ಎಲ್ಲಿಂದ ಬರಬೇಕು?

ಬಾಲಾದೇವಿ ಅವರ ದಾರಿಯನ್ನು ಇದರ ಪಕ್ಕದಲ್ಲಿಡಬೇಕು. ಮಣಿಪುರದ ಈ ಫಾರ್ವರ್ಡ್ 2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದರು, ಡಿಸೆಂಬರ್‌ನಲ್ಲಿ ಮದರ್‌ವೆಲ್ ವಿರುದ್ಧ ಗೋಲು ಹೊಡೆದರು. ಮರುವರ್ಷ ಮೊಣಕಾಲು ಕೈಕೊಟ್ಟಿತು. ಭಾರತದಲ್ಲೇ ನಡೆದ 2022ರ ಏಷ್ಯಾ ಕಪ್ ತಪ್ಪಿತು. ಇಷ್ಟಾದ ಮೇಲೆ ಹಲವರು ಬೂಟು ಕಳಚಿಡುತ್ತಾರೆ. ಅವರು ಮರಳಿ ಬಂದರು. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ಪಾಕಿಸ್ತಾನದ ವಿರುದ್ಧ ತಮ್ಮ 50ನೇ ಅಂತರರಾಷ್ಟ್ರೀಯ ಗೋಲು ಹೊಡೆದರು, ಕೊಲ್ಕತ್ತದ ಶ್ರೀಭೂಮಿ ಕ್ಲಬ್ಬಿನ ಪರವೂ ಆಡಿದರು. ಛಲ ಇತ್ತು, ನಿಜ. ಮಣಿಪುರ ಪೊಲೀಸ್ ಇಲಾಖೆಯ ನೌಕರಿಯೂ ಇತ್ತು.

ಬಂಗಾಳದ ಕಲ್ಯಾಣಿಯ ಆಟಗಾರ್ತಿ ಸಂಗೀತಾ ಬಾಸ್ಫೋರ್ ಅವರದು ಸಶಸ್ತ್ರ ಸೀಮಾ ಬಲದ ನೌಕರಿ. ಹಿನ್ನಡೆಯೆಂದರೆ ಮೈಗೆ ಆಗುವ ಗಾಯವೊಂದೇ ಅಲ್ಲವಲ್ಲ: 2022ರ ಜನವರಿಯಲ್ಲಿ ತಂಡದಲ್ಲಿ ಕೋವಿಡ್ ಹರಡಿ, ತವರಿನ ಏಷ್ಯಾ ಕಪ್ಪಿನಿಂದಲೇ ಭಾರತ ಹೊರಬಿತ್ತು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಮಣಿಸಿ ಮುಂದಿನ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದಾಗ ಆ ಎರಡೂ ಗೋಲು ಸಂಗೀತಾ ಅವರವು. ಅದೇ ವರ್ಷದ ಏಪ್ರಿಲ್‌ನಲ್ಲಿ ಕೊಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ದೇಶಮಟ್ಟದ ಮಹಿಳಾ ಲೀಗ್ ಗೆದ್ದಿತ್ತು. 2003–04ರ ನಂತರ ಆ ಕ್ಲಬ್ಬಿಗೆ ದಕ್ಕಿದ ಮೊದಲ ರಾಷ್ಟ್ರೀಯ ಲೀಗ್ ಕಿರೀಟ ಅದು, ತಂದುಕೊಟ್ಟವರು ಹೆಣ್ಣುಮಕ್ಕಳು.

ಫಿಫಾ 2021ರಿಂದ ಒಪ್ಪಂದದ ಆಟಗಾರ್ತಿಯರಿಗೆ ಕನಿಷ್ಠ 14 ವಾರಗಳ ಹೆರಿಗೆ ರಜೆಯನ್ನು, ಮೂರನೇ ಎರಡರಷ್ಟು ಸಂಬಳ ಸಮೇತ, ಕಡ್ಡಾಯ ಮಾಡಿದೆ. ಹರಿದ ಮೊಣಕಾಲಿಗೂ ಅಂಥದ್ದೇ ಖಚಿತ ಸಾಲೊಂದು ಬೇಕು. ಕೊಲ್ಕತ್ತದ ಕ್ಲಬ್ಬುಗಳು ಮುಂದಿನ ಋತುವಿನ ಒಪ್ಪಂದಪತ್ರ ಬರೆಯುವಾಗ ಶಸ್ತ್ರಚಿಕಿತ್ಸೆಯ ಖರ್ಚು, ಫಿಸಿಯೊ ವೆಚ್ಚ, ಒಂಬತ್ತು ತಿಂಗಳ ಸಂಬಳ ಈ ಮೂರನ್ನೂ ಅಂಕಿಯಲ್ಲೇ ನಮೂದಿಸಲಿ. ಆಟಗಾರ್ತಿಯರೂ ಅದನ್ನು ಓದಿ ನೋಡಿದ ಮೇಲೆಯೇ ಸಹಿ ಹಾಕಲಿ.