ಕಡಿವಾಣ: ಕುದುರೆಯ ಬಾಯಲ್ಲಿ ಒಂದು ಸನ್ನೆಗೋಲು

ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಹೆಚ್ಚು ಉದ್ದದ ಒಂದು ಕಲ್ಲಿದೆ. ಅದರ ಮೇಲೆ 1294ರ ಶಾಸನವಿದೆ. ಆ ಕಲ್ಲನ್ನು ಸಾಗಿಸಿದ ಬಗೆಯನ್ನೂ ಅಲ್ಲಿಯೇ ಚಿತ್ರವಾಗಿ ಕೊರೆದಿದ್ದಾರೆ. ಕೋಣಗಳ ಉದ್ದನೆಯ ಸಾಲು ಬಂಡಿಯನ್ನು ಎಳೆಯುತ್ತಿದೆ. ಆಳುಗಳು ಚಕ್ರಗಳಿಗೆ ಮರದ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ದೇವದುರ್ಗ, ಮಾನ್ವಿಗಳ ಶಾಲಾ ಮಕ್ಕಳಿಗೆ ಸನ್ನೆಯ ಪಾಠ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಇದೇ ನಾಡಿನ ಚರಿತ್ರೆಯಲ್ಲಿ ಇನ್ನೊಂದು ಸನ್ನೆಯೂ ಇದೆ. ಅದೇ ಕುದುರೆಯ ಕಡಿವಾಣ.

ಕೃಷ್ಣಾ-ತುಂಗಭದ್ರಾ ನಡುವಿನ ಈ ಭೂಮಿಗಾಗಿ ನಡೆದ ಯುದ್ಧಗಳಲ್ಲಿ ಅಶ್ವದಳದ ಪಾತ್ರ ದೊಡ್ಡದು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದನು. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅವುಗಳಲ್ಲಿ ಹೊರ್ಮುಜ್‌ನಿಂದ ಬಂದವೂ ದೇಶೀ ಕುದುರೆಗಳೂ ಇದ್ದವು. ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುವ ಭೀಮಾ ನದಿಯ ಮೇಲ್ಕಣಿವೆಯಲ್ಲಿ ಮುಂದೆ ಭೀಮಥಡಿ ತಳಿ ಹೆಸರಾಯಿತು. ಗಿಡ್ಡಗಿದ್ದರೂ ಗಟ್ಟಿಮುಟ್ಟಾದ ಈ ಕುದುರೆ ಮರಾಠಾ ಅಶ್ವದಳದ ಬೆನ್ನೆಲುಬಾಗಿತ್ತು.

ಇಂಥ ಬಲಿಷ್ಠ ಕುದುರೆಯನ್ನು ಸಣ್ಣದೊಂದು ಕಬ್ಬಿಣದ ಸರಳು ಹೇಗೆ ತಡೆಯುತ್ತದೆ?

ಸರಳು ಮತ್ತು ಸನ್ನೆ

ಕುದುರೆಯ ದವಡೆ ಹಲ್ಲುಗಳ ಮುಂದೆ ಹಲ್ಲಿಲ್ಲದ ಒಂದು ಅಂತರವಿದೆ. ಸರಳು ಕೂರುವುದು ಅಲ್ಲಿ. ಮೂಳೆಯ ಮೇಲೆ ತೆಳುವಾದ ಒಸಡಷ್ಟೇ ಇರುವುದರಿಂದ ಆ ಜಾಗ ಬಹಳ ಸೂಕ್ಷ್ಮ.

ಕಡಿವಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಲಗಾಮನ್ನು ಸರಳಿನ ತುದಿಯ ಬಳೆಗೇ ಕಟ್ಟುತ್ತಾರೆ. ಕೈ 20 ನ್ಯೂಟನ್ ಬಲದಿಂದ ಎಳೆದರೆ ಬಾಯಿಗೂ ಸುಮಾರು ಅಷ್ಟೇ ತಾಗುತ್ತದೆ. ಎರಡನೆಯದರಲ್ಲಿ ಸರಳಿನ ಎರಡೂ ಬದಿಗೆ ಉದ್ದನೆಯ ತೋಳುಗಳಿವೆ. ತೋಳಿನ ಕೆಳತುದಿಗೆ ಲಗಾಮು, ಮೇಲ್ತುದಿಯಿಂದ ಗದ್ದದ ಹಿಂದೆ ಹಾಯುವ ಸರಪಳಿ.

ಲೆಕ್ಕ ಹಾಕಿ ನೋಡೋಣ. ಸರಳಿನಿಂದ ಕೆಳಗೆ ತೋಳು 10 ಸೆಂ.ಮೀ., ಮೇಲೆ 5 ಸೆಂ.ಮೀ. ಇರಲಿ. ಲಗಾಮಿನ ಎಳೆತ ತೋಳಿಗೆ ಲಂಬವಾಗಿ 20 ನ್ಯೂಟನ್. ಸರಳಿನ ಸುತ್ತ ಭ್ರಾಮಕಗಳು ಸಮವಾಗಬೇಕಾದರೆ ಸರಪಳಿಯಲ್ಲಿ 40 ನ್ಯೂಟನ್ ಬಲ ಬೇಕು. ಸರಳು ಎರಡರ ಮೊತ್ತವನ್ನು ಹೊರುತ್ತದೆ: 60 ನ್ಯೂಟನ್. ಅಂದರೆ ಕೈ ಎಳೆದ ಬಲದ ಮೂರು ಪಟ್ಟು! ಸರಳು ಮತ್ತು ಸರಪಳಿಗಳ ನಡುವೆ ಕೆಳದವಡೆ ಇಕ್ಕಳಕ್ಕೆ ಸಿಕ್ಕಂತಾಗುತ್ತದೆ. ಸರಳು ತೆಳುವಾದಷ್ಟೂ ತಾಗುವ ವಿಸ್ತೀರ್ಣ ಕಡಿಮೆಯಾಗಿ ಒತ್ತಡ ಹೆಚ್ಚುತ್ತದೆ. ಮುಳ್ಳಿದ್ದರಂತೂ ಗಾಯವೇ.

ನಿಲ್ಲಿಸುವವರು ಯಾರು?

350 ಕಿ.ಗ್ರಾಂ. ತೂಕದ ಕುದುರೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿದೆ ಎನ್ನಿ. ಅದು 5 ಮೀಟರ್ ದೂರದಲ್ಲಿ ನಿಲ್ಲಬೇಕಾದರೆ ಸರಾಸರಿ 875 ನ್ಯೂಟನ್ ಬಲ ಬೇಕು. ಸವಾರ ಅಷ್ಟು ಬಲದಿಂದ ಎಳೆದರೂ ಪ್ರಯೋಜನವಿಲ್ಲ. ಏಕೆಂದರೆ ಅವನು ಕುಳಿತಿರುವುದು ಅದೇ ಕುದುರೆಯ ಮೇಲೆ. ಲಗಾಮಿನ ಎಳೆತ ಆ ವ್ಯವಸ್ಥೆಯ ಆಂತರಿಕ ಬಲ. ದೋಣಿಯಲ್ಲಿ ಕುಳಿತು ದೋಣಿಯನ್ನೇ ತಳ್ಳಿದಂತೆ! ನಿಲ್ಲಿಸುವ ಬಾಹ್ಯ ಬಲ ನೆಲ ಮತ್ತು ಗೊರಸಿನ ನಡುವಿನ ಘರ್ಷಣೆ. ಅದನ್ನು ಬಳಸುವುದು ಕುದುರೆಯ ಕಾಲುಗಳು. ಆದ್ದರಿಂದ ಕಡಿವಾಣ ಬ್ರೇಕಲ್ಲ, ಸಂಕೇತ.

ಕುದುರೆ ಬಲಿಷ್ಠವಾಗಿದೆಯೆಂದು ಹೆಚ್ಚು ಹರಿತವಾದ ಕಡಿವಾಣ ತೊಡಿಸುವುದು ಈ ಕಾರಣಕ್ಕೆ ತಪ್ಪು. ನೋವಿಗೆ ಹೆದರಿದ ಪ್ರಾಣಿ ತಲೆ ಎತ್ತಿ ಇನ್ನಷ್ಟು ಓಡಬಹುದು. ಬಾಯಿಯ ಅಗಲಕ್ಕೆ ಸರಿಹೊಂದುವ, ನುಣುಪಾದ, ನಾಲಿಗೆಗೆ ಜಾಗ ಬಿಡುವ ಸರಳು ಬೇಕು. ಹಲ್ಲುಗಳನ್ನು ಪಶುವೈದ್ಯರಿಗೆ ತೋರಿಸಬೇಕು. ಎಳೆದ ಕೈ, ಕುದುರೆ ಸ್ಪಂದಿಸಿದೊಡನೆ ಸಡಿಲಬೇಕು. ಆ ಸಡಿಲಿಕೆಯಿಂದಲೇ ಅದು ಕಲಿಯುವುದು. ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಕೂಡ ನುಣುಪು ಮತ್ತು ಒರಟು ಎಂಬ ಎರಡು ಕಡಿವಾಣಗಳನ್ನು ವಿವರಿಸಿದ್ದಾನೆ. ಒರಟನ್ನು ಅನುಭವಿಸಿದ ಕುದುರೆ ನುಣುಪನ್ನು ಇಷ್ಟಪಡಲಿ ಎಂಬುದು ಅವನ ಆಶಯ. ಭಾರತದಲ್ಲಿ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಮುಳ್ಳು ಕಡಿವಾಣ ಬಳಸುವುದನ್ನು 1965ರ ನಿಯಮಗಳು ನಿಷೇಧಿಸಿವೆ.

ಶಿಕ್ಷಕರು ಒಂದು ಅಳತೆಪಟ್ಟಿ ಹಾಗೂ ಎರಡು ಸ್ಪ್ರಿಂಗ್ ತಕ್ಕಡಿಗಳಿಂದ ಮೇಲಿನ ಲೆಕ್ಕವನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಮುಂದೆ ಮದುವೆಯ ಮೆರವಣಿಗೆಯಲ್ಲಿ ಕುದುರೆ ಕಂಡಾಗ ನಿಮ್ಮ ವಿದ್ಯಾರ್ಥಿಗಳು ಅದರ ಬಾಯಿಯ ಕಡೆಗೂ ಒಮ್ಮೆ ನೋಡಲಿ.