ಮನೆಯ ಗಣಕಯಂತ್ರಕ್ಕೆ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಗಣಕಯಂತ್ರದ ಯಂತ್ರಾಂಶವನ್ನೂ ಅದರಲ್ಲಿ ಬಳಸುವ ಇತರ ತಂತ್ರಾಂಶಗಳನ್ನೂ ನಿಯಂತ್ರಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಎಂದು ಹೆಸರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವು ಅಗತ್ಯವಾದುದರಿಂದ ಹಲವು ಹಳೆಯ ಯಂತ್ರಗಳಿಗೆ ಅದು ಹೊಂದುವುದಿಲ್ಲ. ಇಂತಹ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಆಧಾರಿತ ಮುಕ್ತ ವ್ಯವಸ್ಥೆಗಳನ್ನು ಪರಿಶೀಲಿಸುವುದು ಸೂಕ್ತ. ಇವುಗಳಿಗೆ ಪರವಾನಗಿ ಶುಲ್ಕವಿರುವುದಿಲ್ಲ.

ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ತುಂಗಾ ಅಣೆಕಟ್ಟೆಯ ಬಳಿಯಿರುವ ಗಾಜನೂರಿನಂತಹ ಗ್ರಾಮದ ಅರ್ಜಿದಾರರಿಗೆ, ಯಂತ್ರ ಕೆಟ್ಟಾಗಲೆಲ್ಲ ನಗರದ ತಂತ್ರಜ್ಞರ ಬಳಿಗೆ ಹೋಗುವುದು ಒಂದು ದಿನದ ಕೆಲಸ. ಆದ್ದರಿಂದ ಅನುಸ್ಥಾಪಿಸಿದ ಕೂಡಲೇ ಬಳಸಬಹುದಾದ, ಹೊಂದಾಣಿಕೆಗಳನ್ನು ಹೆಚ್ಚು ಬೇಡದ ವ್ಯವಸ್ಥೆಯನ್ನೇ ಆರಿಸಿಕೊಳ್ಳಬೇಕು. ಪರಿಣತರು ಮೆಚ್ಚುವ ವ್ಯವಸ್ಥೆಯು ಹೊಸಬರಿಗೆ ಹೊಂದುತ್ತದೆಂದು ಭಾವಿಸತಕ್ಕದ್ದಲ್ಲ.

ಯಾವುದನ್ನು ಆರಿಸಬೇಕು?

ವಿಂಡೋಸ್‌ಗೆ ಒಗ್ಗಿದವರಿಗೆ ಲಿನಕ್ಸ್ ಮಿಂಟ್ ಎಲ್ಲಕ್ಕಿಂತ ಸುಲಭವೆನ್ನಬಹುದು. ಇದರಲ್ಲಿ ಪರದೆಯ ಕೆಳಗೆ ಎಡಭಾಗದಲ್ಲಿ ಪಟ್ಟಿ ಇರುತ್ತದೆ. ಫೈರ್‌ಫಾಕ್ಸ್ ಜಾಲವೀಕ್ಷಕ ಹಾಗೂ ಲಿಬ್ರೆಆಫೀಸ್ ಮೊದಲೇ ಅಳವಟ್ಟಿರುತ್ತವೆ. ಕನಿಷ್ಠ 2 ಜಿ.ಬಿ. ಸ್ಮೃತಿ ಸಾಕೆಂದು ತಯಾರಕರು ತಿಳಿಸಿದ್ದಾರೆ; ಆದರೆ ನೆಮ್ಮದಿಯ ಬಳಕೆಗೆ 4 ಜಿ.ಬಿ. ಬೇಕು. ಹಳೆಯ ಯಂತ್ರವಿದ್ದವರು ಇದರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪಡೆಯುವುದು ಲೇಸು. 2004ರಲ್ಲಿ ಆರಂಭವಾದ ಉಬುಂಟು ಇನ್ನೊಂದು ಉತ್ತಮ ಆಯ್ಕೆ. ಇದರ 24.04 ಆವೃತ್ತಿಗೆ 4 ಜಿ.ಬಿ. ಸ್ಮೃತಿ ಹಾಗೂ 25 ಜಿ.ಬಿ. ಸಂಗ್ರಹ ಸ್ಥಳ ಬೇಕು. 2029ರವರೆಗೆ ಭದ್ರತಾ ನವೀಕರಣಗಳು ದೊರೆಯುತ್ತವೆ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ರೂಪಿಸಿದ ಬಾಸ್ ಸಹ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಬೆಂಬಲ ನೀಡುತ್ತದೆ.

ಮುಕ್ತ ವ್ಯವಸ್ಥೆ ಸಾಮಾನ್ಯರಿಗಲ್ಲ ಎಂಬ ಸಂಶಯಕ್ಕೆ ನೆರೆಯ ಕಾಸರಗೋಡು ಜಿಲ್ಲೆಯೇ ಉತ್ತರ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಕ್ರಮೇಣ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. 2017ರಿಂದ ಈ ಕಾರ್ಯವನ್ನು ಕೈಟ್ ಸಂಸ್ಥೆ ನಿರ್ವಹಿಸುತ್ತಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್‌ನಲ್ಲಿಯೇ ಗಣಕ ಕಲಿಯುತ್ತಾರೆ.

ಕನ್ನಡ ಬೆರಳಚ್ಚು

ಅರ್ಜಿದಾರರಿಗೆ ಹೆಚ್ಚು ತೊಂದರೆಯಾಗುವುದು ಇಲ್ಲಿಯೇ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತವು ಯೂನಿಕೋಡ್‌ನಲ್ಲಿರುವುದಿಲ್ಲ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದಾಗ ಹೆಸರು, ವಿಳಾಸ, ಸರ್ವೆ ನಂಬರಿನ ವಿವರಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅರ್ಜಿಯ ನಮೂನೆಯಲ್ಲಿ ಅಂಟಿಸಿದರೂ ಇದೇ ಫಲ. ಲಿನಕ್ಸ್‌ಗೆ ಬದಲಾಗುವ ಮೊದಲು ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ಹಾಗೂ ಅರ್ಕಾವತ್ತುಗಳನ್ನು ಕಣ್ಣಾರೆ ಪರಿಶೀಲಿಸತಕ್ಕದ್ದು. ಹೆಸರಿನ ಒಂದು ಅಕ್ಷರ ತಪ್ಪಿದರೂ ಪ್ರಮಾಣಪತ್ರದ ತಿದ್ದುಪಡಿಗೆ ಮತ್ತೆ ಅಲೆಯಬೇಕಾದೀತು.

ಉಬುಂಟು ಮತ್ತು ಮಿಂಟ್‌ಗಳಲ್ಲಿ ಕನ್ನಡ ಕೀಲಿಮಣೆಯನ್ನು ಪ್ರತ್ಯೇಕವಾಗಿ ಖರೀದಿಸಬೇಕಿಲ್ಲ. ಕೀಲಿಮಣೆಯ ಹೊಂದಾಣಿಕೆಗಳಲ್ಲಿ ಇನ್‌ಸ್ಕ್ರಿಪ್ಟ್ ಹಾಗೂ ಕಗಪ ವಿನ್ಯಾಸಗಳು ದೊರೆಯುತ್ತವೆ. ಕಗಪ ವಿನ್ಯಾಸವು ನುಡಿಗೆ ಒಗ್ಗಿದವರಿಗೆ ಸಮೀಪವಾದುದು. ಆದರೂ ಕೆಲವು ಕೀಲಿಗಳ ನಡವಳಿಕೆ ಬೇರೆಯಿರಬಹುದಾದ್ದರಿಂದ ಒಂದು ಪುಟ ಬೆರಳಚ್ಚಿಸಿ ನೋಡಬೇಕು.

ಅನುಸ್ಥಾಪನೆಗೆ ಮೊದಲು

ಉಬುಂಟು 24.04ರ ಕಡತವು ಸುಮಾರು 6 ಜಿ.ಬಿ. ಇದ್ದು, ಮಿಂಟ್‌ನ ಕಡತವು ಅದರ ಅರ್ಧದಷ್ಟಿದೆ. ಮೊಬೈಲ್ ದತ್ತಾಂಶವನ್ನೇ ನೆಚ್ಚಿರುವವರು ನಗರದಲ್ಲಿ ಬ್ರಾಡ್‌ಬ್ಯಾಂಡ್ ಇರುವ ಬಂಧುಗಳಿಂದ ಇದನ್ನು ಪಡೆಯಬಹುದು. ಪೆನ್‌ಡ್ರೈವ್‌ಗೆ ಬರೆದ ನಂತರ, ಅನುಸ್ಥಾಪಿಸದೆಯೇ ಅದರಿಂದಲೇ ಗಣಕವನ್ನು ಚಾಲನೆ ಮಾಡಿ ನೋಡುವ ಅವಕಾಶವಿದೆ. ಇದನ್ನು ಯಾರೂ ಬಿಡತಕ್ಕದ್ದಲ್ಲ. ವೈಫೈ, ಮುದ್ರಣಯಂತ್ರ, ಸ್ಕ್ಯಾನರ್ ಮೂರನ್ನೂ ಆಗಲೇ ಪರೀಕ್ಷಿಸಬೇಕು. ಸ್ಕ್ಯಾನರ್ ಕೆಲಸ ಮಾಡದಿದ್ದರೆ ದಾಖಲೆಗಳನ್ನು ಲಗತ್ತಿಸುವುದು ಕಷ್ಟ. ಹಳೆಯ ದಾಖಲೆಗಳ ಪ್ರತಿಯನ್ನು ಬೇರೊಂದು ಸಾಧನದಲ್ಲಿ ಇರಿಸಿಕೊಳ್ಳತಕ್ಕದ್ದು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಅನುಸ್ಥಾಪನೆಯ ನಡುವೆ ಯಂತ್ರ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬಂತಾಗುತ್ತದೆ. ಯುಪಿಎಸ್ ಅಥವಾ ತುಂಬಿದ ಬ್ಯಾಟರಿ ಇರಬೇಕು.

ಯಾರು ಬದಲಾಯಿಸಬಾರದು?

ಸೇವಾ ಸಿಂಧು ಮುಂತಾದ ಜಾಲತಾಣಗಳನ್ನು ಜಾಲವೀಕ್ಷಕದ ಮೂಲಕ ಬಳಸುವ ಸಾಮಾನ್ಯ ಅರ್ಜಿದಾರರಿಗೆ ಲಿನಕ್ಸ್ ಸಾಕಾಗುತ್ತದೆ. ಆದರೆ ಆಧಾರ್ ಬೆರಳಚ್ಚು ದೃಢೀಕರಣದ ಸಾಧನಗಳಿಗೆ ಬೇಕಾದ ತಂತ್ರಾಂಶವು ಬಹುತೇಕ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ ದೊರೆಯುತ್ತದೆ. ಸೇವಾ ಕೇಂದ್ರ ನಡೆಸುವವರು ಹಾಗೂ ಯುಎಸ್‌ಬಿ ಟೋಕನ್ ಮೂಲಕ ಡಿಜಿಟಲ್ ಸಹಿ ಮಾಡುವವರು ಸಾಧನದ ತಯಾರಕರಿಂದ ಲಿನಕ್ಸ್ ಚಾಲಕ ತಂತ್ರಾಂಶ ದೊರೆಯುವುದನ್ನು ಖಚಿತಪಡಿಸಿಕೊಳ್ಳುವವರೆಗೆ ಬದಲಾವಣೆಗೆ ಕೈಹಾಕಬಾರದು. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿರುವವರು ಮೊದಲು ಅರ್ಜಿ ಸಲ್ಲಿಸಿ, ಸ್ವೀಕೃತಿಯನ್ನು ಮುದ್ರಿಸಿಕೊಂಡು, ಆನಂತರ ಅನುಸ್ಥಾಪನೆಯನ್ನು ಕೈಗೊಳ್ಳಬೇಕು. ಅಷ್ಟರಲ್ಲಿ ಯಂತ್ರ ಕೈಕೊಟ್ಟಲ್ಲಿ ಗ್ರಾಮ ಒನ್ ಕೇಂದ್ರ ಅಥವಾ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ.