ಕೀಟೋ ನಗರದ ಕ್ರೈಸ್ತ ಆಕಾಶವಾಣಿ ನಿಲಯ

ದಕ್ಷಿಣ ಅಮೆರಿಕಾ ಖಂಡದ ಪಶ್ಚಿಮ ತೀರದಲ್ಲಿ ಈಕ್ವಡೋರ್ ಎಂಬ ಚಿಕ್ಕ ದೇಶವೊಂದಿದೆ. ಭೂಮಧ್ಯರೇಖೆಯು ಅದರ ಮೇಲೆ ಹಾದುಹೋಗುವುದರಿಂದ ಆ ರೇಖೆಯ ಹೆಸರೇ ದೇಶಕ್ಕೂ ಬಂದಿತು. ಅದರ ರಾಜಧಾನಿಯಾದ ಕೀಟೋ ನಗರವು ಆಂಡೀಸ್ ಪರ್ವತಶ್ರೇಣಿಯ ನಡುವೆ, ಪಿಚಿಂಚಾ ಎಂಬ ಜ್ವಾಲಾಮುಖಿಯ ತಪ್ಪಲಿನಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 2,850 ಮೀಟರು ಎತ್ತರದಲ್ಲಿರುವುದು. 1931ನೆಯ ಇಸವಿ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ, ಆ ಊರಿನ ಒಂದು ಮನೆಯ ಹಜಾರದಿಂದ ಕ್ರೈಸ್ತ ಮಿಷನರಿಗಳ ಆಕಾಶವಾಣಿಯೊಂದು ಆರಂಭವಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ 'ಆಂಡೀಸಿನ ವಾಣಿ' ಎಂದರ್ಥ ಬರುವ ಹೆಸರು. ಲೋಕದಲ್ಲಿ ಅದು ಎಚ್. ಸಿ. ಜೆ. ಬಿ. ಎಂಬ ನಾಲ್ಕು ಅಕ್ಷರಗಳಿಂದ ಪ್ರಸಿದ್ಧವಾಯಿತು.

ಈ ನಿಲಯವನ್ನು ಕುರಿತು ಬರೆದವರಲ್ಲಿ ಬಹುಮಂದಿ, ಅದು ಎಷ್ಟು ದೂರ ಕೇಳಿಸಿತು, ಎಷ್ಟು ಭಾಷೆಗಳಲ್ಲಿ ನುಡಿಯಿತು ಎಂಬುದನ್ನೇ ಎಣಿಸುತ್ತ ಹೋಗುವರು. ಆ ಲೆಕ್ಕವು ಸುಳ್ಳಲ್ಲ. ಆದರೆ ಚರಿತ್ರೆಯ ದೃಷ್ಟಿಯಿಂದ ಅದು ಮುಖ್ಯವಾದುದೂ ಅಲ್ಲ. ದಿಗಂತಗಳನ್ನು ಮುಟ್ಟಬೇಕೆಂದು ಹೊರಟ ಈ ವಾಣಿಯ ವೃದ್ಧಿ ಕ್ಷಯಗಳೆರಡನ್ನೂ ನಿರ್ಣಯಿಸಿದುದು ಅದು ನಿಂತ ನೆಲವೇ ಎಂಬುದು ವಿಚಾರಮಾಡಿದಷ್ಟೂ ಸ್ಪಷ್ಟವಾಗುತ್ತದೆ.

ಸ್ಥಾಪಕನಾದ ಕ್ಲಾರೆನ್ಸ್ ಜೋನ್ಸ್ ಎಂಬಾತನು ಅಮೆರಿಕದವನು. ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವ ವಾದ್ಯದಲ್ಲಿ ನಿಪುಣನು. ಶಿಕಾಗೋ ನಗರದಲ್ಲಿ ಪಾಲ್ ರೇಡರ್ ಎಂಬ ಉಪದೇಶಕನ ಬಳಿಯಿದ್ದು ರೇಡಿಯೋ ಕಾರ್ಯಕ್ರಮಗಳನ್ನು ನಡೆಸಿ ಅನುಭವ ಪಡೆದಿದ್ದನು. 1928ರಲ್ಲಿ ಅವನು ದಕ್ಷಿಣಕ್ಕೆ ಹೋಗಿ ವೆನೆಜುವೇಲಾ, ಕೊಲಂಬಿಯಾ ಮುಂತಾದ ದೇಶಗಳಲ್ಲಿ ಅನುಮತಿಗಾಗಿ ಅಲೆದನು. ಎಲ್ಲಿಯೂ ಕಾರ್ಯವು ಕೈಗೂಡಲಿಲ್ಲ. ಬಳಿಕ ಈಕ್ವಡೋರಿನಲ್ಲಿ ಮೊದಲೇ ನೆಲೆಸಿದ್ದ ರೂಬೆನ್ ಲಾರ್ಸನ್ ಎಂಬ ಮಿಷನರಿಯ ಸಹಾಯ ದೊರೆಯಿತು. ರೋಮನ್ ಕ್ಯಾಥೊಲಿಕ್ ಮತವೇ ಪ್ರಬಲವಾಗಿದ್ದ ಆ ದೇಶದಲ್ಲಿ ಪ್ರಾಟೆಸ್ಟಂಟರಿಗೆ ಅನುಮತಿ ದೊರೆತುದು ಆಶ್ಚರ್ಯವೆಂದು ತೋರಬಹುದು. ಅದಕ್ಕೆ ಕಾರಣವನ್ನು ಹಿಂದಿನ ರಾಜಕೀಯದಲ್ಲಿ ಹುಡುಕಬೇಕು. 1895ರಲ್ಲಿ ಎಲಾಯ್ ಅಲ್ಫಾರೋ ನಡೆಸಿದ ಉದಾರಪಕ್ಷದ ಕ್ರಾಂತಿಯೂ, ಧರ್ಮಪೀಠವನ್ನೂ ರಾಜ್ಯವನ್ನೂ ಬೇರ್ಪಡಿಸಿದ 1906ರ ಸಂವಿಧಾನವೂ ಈ ಬಾಗಿಲನ್ನು ತೆರೆದಿಟ್ಟಿದ್ದುವು. 1930ರ ಆಗಸ್ಟ್ ತಿಂಗಳಲ್ಲಿ, ಇಸಿದ್ರೋ ಅಯೋರಾ ಅಧ್ಯಕ್ಷನಾಗಿದ್ದ ಕಾಲದಲ್ಲಿ, 25 ವರ್ಷಗಳ ಅವಧಿಗೆ ಒಪ್ಪಂದವಾಯಿತು.

ಆ ದೇಶಕ್ಕೆ ಹಂಚಿಕೆಯಾದ ಸಂಕೇತಾಕ್ಷರಗಳು ಎಚ್., ಸಿ. ಎಂಬ ಎರಡು. ಅವಕ್ಕೆ ಜೆ., ಬಿ. ಎಂಬ ಮತ್ತೆರಡನ್ನು ಸೇರಿಸಿದರೆ 'ಇಂದು ಕ್ರಿಸ್ತ ಯೇಸು ಆಶೀರ್ವದಿಸುವನು' ಎಂಬರ್ಥದ ಸ್ಪ್ಯಾನಿಷ್ ವಾಕ್ಯದ ಆದ್ಯಕ್ಷರಗಳಾಗುವುವು. ಸರಕಾರದ ಅಕ್ಷರಗಳನ್ನೇ ಸ್ವಮತಕ್ಕೆ ಹೊಂದಿಸಿಕೊಂಡ ಈ ಚಮತ್ಕಾರವನ್ನು ನಮ್ಮ ಚಿತ್ರಕವಿಗಳೂ ಮೆಚ್ಚುತ್ತಿದ್ದರು.

ಮೊದಲನೆಯ ದಿನದ ಪ್ರಸಾರಯಂತ್ರದ ಶಕ್ತಿ ಸುಮಾರು 200 ವಾಟ್. ಆಗ ದೇಶದಲ್ಲಿದ್ದ ರೇಡಿಯೋ ಪೆಟ್ಟಿಗೆಗಳನ್ನು ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಕೇಳುವವರಿಲ್ಲದ ಊರಿನಲ್ಲಿ ನುಡಿಯುವ ಸಾಹಸವಿದು. ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆಂದು ಹೇಳುವರಷ್ಟೆ; ಆದರೆ ಗ್ರಹಿಸುವ ಶ್ರೋತ್ರವಿಲ್ಲದಿದ್ದರೆ ಆ ಗುಣದಿಂದ ಲೋಕಕ್ಕೆ ಪ್ರಯೋಜನವಿಲ್ಲ. ಇದು ಸಾಲದೆಂಬಂತೆ, ಭೂಮಧ್ಯರೇಖೆಯ ಬಳಿಯಲ್ಲಿ, ಅದರಲ್ಲಿಯೂ ಪರ್ವತಗಳ ನಡುವೆ ನಿಲಯವನ್ನು ಕಟ್ಟಲಾಗದೆಂದು ತಜ್ಞರು ಮೊದಲೇ ಎಚ್ಚರಿಸಿದ್ದರು. ಅನುಭವವು ಇದಕ್ಕೆ ವಿರುದ್ಧವಾದುದನ್ನು ತೋರಿಸಿತು. ಹ್ರಸ್ವತರಂಗ, ಅಂದರೆ ಶಾರ್ಟ್ ವೇವ್, ಪ್ರಸಾರಕ್ಕೆ ಭೂಮಧ್ಯಪ್ರದೇಶವು ಅನುಕೂಲವೇ ಆಯಿತು. ಧ್ರುವಗಳ ಸಮೀಪದಲ್ಲಿ ತರಂಗಗಳನ್ನು ನುಂಗುವ ಅಯಸ್ಕಾಂತಕ್ಷೋಭೆಗೆ ಸಿಕ್ಕದೆ, ಇಲ್ಲಿಂದ ಅವು ಉತ್ತರ ದಕ್ಷಿಣಗಳೆರಡು ಕಡೆಗೂ ಸುಗಮವಾಗಿ ಹೋಗಬಲ್ಲವು.

ಆದರೆ ಎತ್ತರವು ತನ್ನ ಕಂದಾಯವನ್ನು ವಸೂಲುಮಾಡದೆ ಬಿಡಲಿಲ್ಲ. 1940ರ ಈಸ್ಟರ್ ಹಬ್ಬದಂದು 10 ಕಿಲೋವಾಟ್ ಶಕ್ತಿಯ ಯಂತ್ರವು ಕೆಲಸಕ್ಕೆ ತೊಡಗಿತು. ಅದಕ್ಕೆ ಜೋಡಿಸಿದ ಏರಿಯಲ್ಲಿಗೆ ನೀಳವಾದ ಲೋಹದ ಸರಳುಗಳಿದ್ದುವು. ಅಂತಹ ಸರಳಿನ ಎರಡು ತುದಿಗಳಲ್ಲಿ ವಿದ್ಯುತ್ತಿನ ಒತ್ತಡವು ಅತ್ಯಧಿಕ. ಬಯಲುನಾಡಿನಲ್ಲಿ ದಟ್ಟವಾದ ಗಾಳಿಯು ಆ ಒತ್ತಡವನ್ನು ತಡೆದು ನಿಲ್ಲಿಸುವುದು; ಕೀಟೋವಿನ ತೆಳುಗಾಳಿಗೆ ಆ ಸಾಮರ್ಥ್ಯವಿಲ್ಲ. ಆದುದರಿಂದ ರಾತ್ರಿಯಲ್ಲಿ ಸರಳುಗಳ ತುದಿಯಿಂದ ಜ್ವಾಲೆಗಳು ಹೊರಟು, ಲೋಹವು ಕರಗಿ ತೊಟ್ಟಿಕ್ಕುತ್ತಿದ್ದಿತು. ಧರ್ಮವನ್ನು ಸಾರಬೇಕಾದ ಏರಿಯಲ್ಲು ತನ್ನನ್ನೇ ದಹಿಸಿಕೊಳ್ಳುತ್ತಿದ್ದಿತು. ನೀರಿನ ತೊಟ್ಟಿಗಳಲ್ಲಿ ತೇಲಿಬಿಡುವ ತಾಮ್ರದ ಚೆಂಡುಗಳನ್ನು ತುದಿಗಳಿಗೆ ಸಿಕ್ಕಿಸಿ ನೋಡಿದರು. ತೊಂದರೆಯು ಕಡಮೆಯಾಯಿತೇ ಹೊರತು ನಿಲ್ಲಲಿಲ್ಲ.

ನಿಲಯದ ಇಂಜಿನಿಯರಾದ ಕ್ಲಾರೆನ್ಸ್ ಮೂರ್ 1942ರಲ್ಲಿ ಪೊಸೋರ್ಹಾ ಎಂಬ ಸಮುದ್ರತೀರದ ಮೀನುಗಾರರ ಹಳ್ಳಿಗೆ ಗ್ರಂಥಗಳೊಡನೆ ಹೋಗಿ ಈ ಸಮಸ್ಯೆಯನ್ನು ಚಿಂತಿಸಿದನು. ತುದಿಯಿದ್ದರಲ್ಲವೆ ತುದಿಯಲ್ಲಿ ಉರಿ? ತಂತಿಯನ್ನು ಚೌಕಾಕಾರವಾಗಿ ಬಳಸಿ ಕುಣಿಕೆಮಾಡಿದರೆ ಬರಿದಾದ ತುದಿಯೇ ಇರದು. ಅಂತಹ ಒಂದು ಚೌಕದ ಹಿಂದೆ ಇನ್ನೊಂದನ್ನು ನಿಲ್ಲಿಸಿದರೆ ಹಿಂದಿನದು ತರಂಗವನ್ನು ಮುಂದಕ್ಕೆ ತಳ್ಳುವುದು. ಪರ್ವತವಾಸದ ಕಷ್ಟದಿಂದ ಹುಟ್ಟಿದ ಈ ರಚನೆಯು 'ಕ್ಯೂಬಿಕಲ್ ಕ್ವಾಡ್' ಎಂಬ ಹೆಸರಿನಿಂದ 1951ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದು, ಹವ್ಯಾಸಕ್ಕಾಗಿ ರೇಡಿಯೋ ನಡೆಸುವವರಲ್ಲಿ ದೇಶದೇಶಗಳಿಗೆ ಹರಡಿತು. ಆ ನಿಲಯದ ಧರ್ಮೋಪದೇಶವನ್ನು ಒಮ್ಮೆಯೂ ಕೇಳದವರೂ ಈ ತಂತಿಯ ಚೌಕಗಳಿಗಾಗಿ ಅದಕ್ಕೆ ಋಣಿಗಳಾಗಿರುವರು.

ಕಾಲಕ್ರಮದಲ್ಲಿ ಯಂತ್ರಗಳು ಕೀಟೋವಿನ ಪೂರ್ವಕ್ಕಿರುವ ಪೀಫೋ ಎಂಬ ಸ್ಥಳದಲ್ಲಿ ನೆಲೆಗೊಂಡುವು. ಪಾಪಲ್ಯಾಕ್ತಾ ಎಂಬಲ್ಲಿ ಮಿಷನ್ನೇ ಜಲವಿದ್ಯುದಾಗಾರವನ್ನು ಕಟ್ಟಿಸಿ, ಬೆಟ್ಟದ ನೀರಿನಿಂದ ಧ್ವನಿಗೆ ಬಲವನ್ನು ಪಡೆಯಿತು. 1981ರ ವೇಳೆಗೆ ಪ್ರಸಾರದ ಶಕ್ತಿಯು 500 ಕಿಲೋವಾಟ್‌ವರೆಗೆ ಏರಿತು.

ಕಾರ್ಯಕ್ರಮಗಳ ವಿಷಯ. ಬೈಬಲಿನ ಪಾಠ, ಭಕ್ತಿಗೀತೆ, ಉಪದೇಶಗಳು ಇದ್ದುವೆಂದು ಹೇಳಬೇಕಾದುದಿಲ್ಲ. ಸ್ಪ್ಯಾನಿಷ್, ಇಂಗ್ಲಿಷ್‌ಗಳೊಡನೆ 1941ರಲ್ಲಿ ರಷ್ಯನ್, 1964ರಲ್ಲಿ ಜಪಾನೀ ಭಾಷೆಗಳು ಸೇರಿದುವು. ವಾರ್ತೆ, ಆರೋಗ್ಯದ ಉಪನ್ಯಾಸ, ಈಕ್ವಡೋರಿನ ಜಾನಪದ ಸಂಗೀತಗಳಿಗೂ ಸ್ಥಾನವಿದ್ದಿತು. 1961ರಲ್ಲಿ ಮೊದಲಾದ 'ಡಿ. ಎಕ್ಸ್. ಪಾರ್ಟಿ ಲೈನ್' ಎಂಬುದು ದೂರದ ನಿಲಯಗಳನ್ನು ಹಿಡಿದು ಕೇಳುವ ಹವ್ಯಾಸಿಗಳಿಗಾಗಿಯೇ ಏರ್ಪಟ್ಟುದು. ಅಂತಹವರು ಪತ್ರ ಬರೆದರೆ ನಿಲಯವು ಚಿತ್ರವುಳ್ಳ ಕಾರ್ಡನ್ನು ಕಳುಹಿಸುತ್ತಿದ್ದಿತು. ಶಾಸನಗಳಂತೆ ಕಲ್ಲಿನಲ್ಲಿ ನಿಲ್ಲದ ಈ ವಾಣಿಗೆ ಉಳಿದ ಸಾಕ್ಷ್ಯಗಳಲ್ಲಿ ಈ ಕಾರ್ಡುಗಳಿಗೆ ಗಣ್ಯವಾದ ಸ್ಥಾನವುಂಟು. 1956ರ ಜನವರಿ 8ರಂದು ಪೂರ್ವದ ಅರಣ್ಯದಲ್ಲಿ ಐವರು ಮಿಷನರಿಗಳು ವಾವೊರಾನಿ ಜನರ ಈಟಿಗಳಿಗೆ ಬಲಿಯಾದಾಗ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಈ ನಿಲಯದವರೂ ಇದ್ದರು.

ಇವೆಲ್ಲಕ್ಕಿಂತ ಗಮನಾರ್ಹವಾದುದು ಕಿಚುವಾ ಭಾಷೆಯ ಪ್ರಸಾರ. ಇಂಕಾ ಸಾಮ್ರಾಜ್ಯದ ಮಾತಿಗೆ ಸಂಬಂಧಿಸಿದ ಈ ಭಾಷೆಯನ್ನಾಡುವ ಬೆಟ್ಟದ ಜನರು 1964ರ ಭೂಸುಧಾರಣೆಯವರೆಗೂ ಜಮೀನುದಾರರ ಹೊಲಗಳಲ್ಲಿ ದುಡಿಯುತ್ತ, ಒಂದು ತುಂಡು ನೆಲದ ಆಸರೆಯಲ್ಲಿ ಬದುಕುತ್ತಿದ್ದರು. ಕಚೇರಿಯಲ್ಲಿ, ಶಾಲೆಯಲ್ಲಿ, ದೇವಾಲಯದಲ್ಲಿ ಅವರ ಮಾತಿಗೆ ಮರ್ಯಾದೆಯಿರಲಿಲ್ಲ. ಆ ಮಾತು ಸ್ಪ್ಯಾನಿಷ್ ಭಾಷೆಯೊಡನೆ ಒಂದೇ ಪೆಟ್ಟಿಗೆಯಿಂದ ಕೇಳಿಬಂದುದು ಸಾಮಾನ್ಯ ಸಂಗತಿಯಲ್ಲ. ಮಿಷನರಿಗಳ ಉದ್ದೇಶವು ಮತಾಂತರವೇ ಆಗಿದ್ದಿತೆಂಬುದನ್ನು ಮರೆಮಾಚಬೇಕಾದುದಿಲ್ಲ. ಅದರಿಂದ ಹಳ್ಳಿಗಳಲ್ಲಿ ವೈಮನಸ್ಯವೂ ಹುಟ್ಟಿತು. ಆದರೂ ಉದ್ದೇಶವೊಂದು, ಫಲವೊಂದು. 1962ರಲ್ಲಿ ರಿಯೋಬಾಂಬಾದ ಕ್ಯಾಥೊಲಿಕ್ ಬಿಷಪ್ ಲಿಯೋನಿದಾಸ್ ಪ್ರೊಆನ್ಯೋ ಅದೇ ಜನರಿಗೆ ಅಕ್ಷರ ಕಲಿಸಲು ರೇಡಿಯೋ ಪಾಠಶಾಲೆಗಳನ್ನು ತೆರೆದನು. ಎರಡು ಪಂಥಗಳೂ ಒಂದೇ ಜನರ ಕಿವಿಯನ್ನು ಅರಸಿದುದರಿಂದ ಲಾಭವಾದುದು ಕಿಚುವಾ ಭಾಷೆಗೆ.

ಕೊನೆಗೆ ನೆಲವೇ ಮತ್ತೆ ತೀರ್ಪುಕೊಟ್ಟಿತು. ಪೀಫೋವಿನ ಸಮೀಪದಲ್ಲಿ ಕೀಟೋವಿಗೆ ಹೊಸ ವಿಮಾನನಿಲ್ದಾಣವನ್ನು ಕಟ್ಟಲು ನಿಶ್ಚಯವಾದಾಗ, ವಿಮಾನಗಳ ಮಾರ್ಗದಲ್ಲಿ ಎತ್ತರದ ಗೋಪುರಗಳು ನಿಲ್ಲುವಂತಿರಲಿಲ್ಲ. ಒಂದೊಂದಾಗಿ ಅವನ್ನು ಇಳಿಸಿದರು. 2009ನೆಯ ಇಸವಿ ಸೆಪ್ಟೆಂಬರ್ 30ರಂದು ಪೀಫೋವಿನ ಪ್ರಸಾರವು ಮುಗಿಯಿತು. ವಿಮಾನನಿಲ್ದಾಣವು 2013ರ ಫೆಬ್ರವರಿಯಲ್ಲಿ ತೆರೆಯಿತು. ದೂರದೇಶಗಳ ಭಾಷೆಗಳು ಆ ಬೆಟ್ಟಗಳಿಂದ ಮರೆಯಾದ ಮೇಲೆಯೂ ಪಿಚಿಂಚಾ ಪರ್ವತದ ಮೇಲಿನ ಒಂದು ಸಣ್ಣ ಹ್ರಸ್ವತರಂಗಯಂತ್ರವು ಸುತ್ತಣ ನಾಡಿಗಾಗಿ ಸ್ಪ್ಯಾನಿಷ್ ಮತ್ತು ಕಿಚುವಾಗಳಲ್ಲಿ ನುಡಿಯುತ್ತಿದ್ದಿತು.